ಪೀಠಾರೂಢ ವಾರ್ಧಕ್ಯ: ಕಣಗಲಾ ಸೀಮೆಯನ್ನು ಅನುಲಕ್ಷಿಸಿ ಒಂದು ಅಧ್ಯಯನ

ಪ್ರಸ್ತುತ ಸಂಪ್ರಬಂಧವು ಪೀಠ, ಪೃಷ್ಠ ಮತ್ತು ಕಾಲ ಎಂಬ ಪರಿಕಲ್ಪನಾತ್ರಯದ ಅಂತಸ್ಸಂಬಂಧವನ್ನು ಬಹುಶಿಸ್ತೀಯ ನೆಲೆಯಲ್ಲಿ ಪರಾಮರ್ಶಿಸುತ್ತದೆ. ಪೃಷ್ಠವು ಪೀಠವನ್ನು ಬಿಡಲೊಲ್ಲದ ಸ್ಥಿತಿಗೆ ಪೂರ್ವಸೂರಿಗಳು ಹೆಸರಿಟ್ಟಿಲ್ಲವಾದ್ದರಿಂದ ಇಲ್ಲಿ ಅದನ್ನು ‘ಕುರ್ಚ್ಯಂಟುತ್ವ’ ಎಂದು ಕರೆಯಲಾಗಿದೆ. ಸಂಧಿಯ ಬಗ್ಗೆ ಆಕ್ಷೇಪವಿರುವ ವಿದ್ವಾಂಸರು ಮುಂದಿನ ವಾರ್ಷಿಕ ಸಭೆಯಲ್ಲಿ ಕೈ ಎತ್ತಬಹುದು. ಅಧ್ಯಕ್ಷರ ಕಣ್ಣಿಗೆ ಬಿದ್ದರೆ ಉತ್ತರ ಸಿಕ್ಕೀತು.

ಕುರ್ಚ್ಯಂಟುತ್ವವು ಪಂಚವಿಧ.

ಪ್ರಥಮತಃ, ಸಾಂವಿಧಾನಿಕ ಕುರ್ಚ್ಯಂಟುತ್ವ. ವಿಧಾನಸಭೆಗೆ 25, ಪರಿಷತ್ತಿಗೆ 30 ತುಂಬಿರಬೇಕು. ಎಷ್ಟಕ್ಕೆ ಸಾಕು ಎಂಬ ವಿಷಯದಲ್ಲಿ ಸಂವಿಧಾನವು ಗಂಭೀರ ಮೌನ ತಾಳಿದೆ. ಸರ್ಕಾರಿ ಜವಾನ 60ಕ್ಕೆ ಹಾರ ಹಾಕಿಸಿಕೊಂಡು ಮನೆಗೆ ನಡೆಯುತ್ತಾನೆ. ಹಾರ ಹಾಕಿದವರು ಅಲ್ಲೇ ಇರುತ್ತಾರೆ. 75 ದಾಟಿದವರಿಗೆ ಅಧಿಕಾರವಿಲ್ಲ ಎಂಬ ಬಿಜೆಪಿಯ ಅಲಿಖಿತ ನಿಯಮ 2019ರಲ್ಲಿ 76ರ ಯಡಿಯೂರಪ್ಪನವರನ್ನು ಕಂಡು ದಾರಿ ಬಿಟ್ಟಿತು. ದೇವೇಗೌಡರು 87ಕ್ಕೆ ರಾಜ್ಯಸಭೆ ಸೇರಿದರು. ಖರ್ಗೆಯವರು 80ಕ್ಕೆ ಕಾಂಗ್ರೆಸ್ಸಿನ ಅಧ್ಯಕ್ಷರಾದರು. 2023ರಲ್ಲಿ ಶಾಮನೂರು ಶಿವಶಂಕರಪ್ಪನವರು 91ರ ವಯಸ್ಸಿನಲ್ಲಿ ದಾವಣಗೆರೆ ದಕ್ಷಿಣ ಗೆದ್ದರು. ಗೆಲ್ಲಿಸಿದವರು ನಾವೇ ಎಂಬುದು ಈ ಅಧ್ಯಯನದ ಒಂದು ಮುಜುಗರ.

ದ್ವಿತೀಯತಃ, ಸಹಕಾರಾತ್ಮಕ ಕುರ್ಚ್ಯಂಟುತ್ವ. ಕಣಗಲಾ ಇರುವ ಹುಕ್ಕೇರಿ ತಾಲೂಕು ಸಾಮಾನ್ಯ ಮಣ್ಣಲ್ಲ. ಮನೆಮನೆಗೆ ಕರೆಂಟು ಕೊಡಲು 1969ರಷ್ಟು ಹಿಂದೆಯೇ ಇಲ್ಲಿ ಜನ ತಮ್ಮದೇ ಸಹಕಾರಿ ಸಂಘ ಕಟ್ಟಿಕೊಂಡರು. ಇಂಥ ಸೀಮೆಯ ಊರೂರ ಸೊಸೈಟಿಗಳಲ್ಲಿ ಇಂದು ನಡೆಯುವ ವಿಧಿ ಇಷ್ಟು: ಶಾಲು, ಹಾರ, ‘ಹಿರಿಯರ ಮಾರ್ಗದರ್ಶನ’, ಅವಿರೋಧ ಆಯ್ಕೆ, ಉಪ್ಪಿಟ್ಟು. ನಡುವೆ ಯಾರಾದರೂ ಲೆಕ್ಕ ಕೇಳಿದರೆ, “ಕುಂದ್ರೋ ತಮ್ಮಾ, ನಿನಗೇನ ತಿಳೀತೈತಿ?” ಆ ತಮ್ಮನಿಗೆ 48. ಸಕ್ಕರೆ ಕಾಯಿಲೆ ಬಂದು ಆರು ವರ್ಷ, ಮಗಳ ಲಗ್ನವೂ ಆಗಿದೆ. ಗಣಪತಿ ಹಬ್ಬದ ಬ್ಯಾನರಿನಲ್ಲಿ ಮಾತ್ರ ಅವನು ‘ಯುವ ಮುಖಂಡ’.

ಮೂರು, ನಾಲ್ಕು, ಐದನೆಯ ವಿಧಗಳು ಇವುಗಳಂತೆಯೇ ಇವೆ. ಬಿಡಿ.

ಇನ್ನು ಹೋಲಿಕೆಗೆ, ಸೋವಿಯತ್ ದೇಶದಲ್ಲಿ ಬ್ರೆಜ್ನೆವ್, ಆಂಡ್ರೊಪೊವ್, ಚೆರ್ನೆಂಕೊ ಮೂವರೂ 1982ರಿಂದ 1985ರ ಒಳಗೆ ಕುರ್ಚಿಯಲ್ಲಿದ್ದಂತೆಯೇ ತೀರಿದರು. ಆಮೇಲೆ ಐವತ್ತನಾಲ್ಕರ ಗೋರ್ಬಚೇವ್‌ಗೆ ಪಾಳಿ ಬಂತು. ಅವನು ಚೆರ್ನೆಂಕೊನ ಮಗನಾಗಿರಲಿಲ್ಲ. ಹುಕ್ಕೇರಿಯಲ್ಲಿ ಶಾಸಕ ವಿಶ್ವನಾಥ ಕತ್ತಿಯವರು ತೀರಿಕೊಂಡ ಮೇಲೆ 1985ರಲ್ಲಿ ಮಗ ಉಮೇಶ ಕತ್ತಿ ಬಂದರು. 2022ರಲ್ಲಿ ಅವರು ಮಂತ್ರಿಯಾಗಿದ್ದಾಗಲೇ ಹೋದರು, 2023ರಲ್ಲಿ ಅವರ ಮಗ ನಿಖಿಲ ಗೆದ್ದರು. 2024ರಲ್ಲಿ ಚಿಕ್ಕೋಡಿಯಿಂದ 27ರ ಪ್ರಿಯಾಂಕಾ ಜಾರಕಿಹೊಳಿ ಸಂಸತ್ತಿಗೆ ಹೋದರು. ತಂದೆ ಆಗ ರಾಜ್ಯದಲ್ಲಿ ಮಂತ್ರಿ. ಎಲ್ಲರೂ ಓಟು ಪಡೆದೇ ಗೆದ್ದವರು, ಅವರ ಮೇಲೆ ಸಿಟ್ಟಿಲ್ಲ. ಅಂದರೆ ಈ ಸೀಮೆಗೆ ಹರೆಯದವರು ಆಗಬಾರದೆಂದೇನೂ ಇಲ್ಲ. ಹುಡುಗ ಯಾರ ಮನೆಯವನು ಎಂಬುದಷ್ಟೇ ಪ್ರಶ್ನೆ.

ಉಳಿದ ಮನೆಗಳ ಹುಡುಗರು ಹೆದ್ದಾರಿಗೆ ಬಂದು ಕೊಲ್ಹಾಪುರ, ಪುಣೆಯ ಬಸ್ಸು ಹಿಡಿದರು. ಸೊಸೈಟಿಯ ಲೆಕ್ಕ ಓದಬಲ್ಲವರು ಈಗ ಚಾಕಣ್‌ನ ಕಂಪನಿಗಳಲ್ಲಿ ಬೇರೆಯವರ ಲೆಕ್ಕ ಬರೆಯುತ್ತಿದ್ದಾರೆ. ಹಬ್ಬಕ್ಕೆ ಬಂದಾಗ ಹಿರಿಯರು ಕಟ್ಟೆಯ ಮೇಲೆ ಕೂತು ನಿಜವಾದ ಸಂಕಟದಿಂದಲೇ ಕೇಳುತ್ತಾರೆ: “ಊರಾಗ ಹುಡುಗೂರ ಯಾರೂ ಉಳಿದಿಲ್ಲೋ. ಕಾರಭಾರ ಯಾರ ಕೈಯಾಗ ಕೊಡಬೇಕು?”

ಇಪ್ಪತ್ತು ವರ್ಷದ ಹಿಂದ ಕೊಡಬೇಕಾಗಿತ್ತರೀ ಕಾಕಾ. ಆವಾಗ ನಾವೆಲ್ಲಾ ಇಲ್ಲೇ ಇದ್ವಿ.