ಪುಷ್ಪಕವೂ ಪಂಪ್‌ಸೆಟ್ಟೂ

ಹಳೆಯ ಕಾರು ಅರಮನೆಯ ಕಮಾನಿನ ಕೆಳಗೆ ನಿಂತಿದ್ದರೆ ವಿಂಟೇಜು, ನಮ್ಮ ಮನೆ ಗೇಟಿನ ಮುಂದೆ ನಿಂತಿದ್ದರೆ ಗುಜರಿ. ಎರಡೂ ಓಡುವುದಿಲ್ಲ, ಎರಡಕ್ಕೂ ಬಿಡಿಭಾಗ ಸಿಗುವುದಿಲ್ಲ. ಆದರೂ ಮೊದಲನೆಯದನ್ನು ನೋಡಲು ಜನ ದುಡ್ಡು ಕೊಟ್ಟು ಟಿಕೆಟ್ ತೆಗೆಯುತ್ತಾರೆ. ಎರಡನೆಯದನ್ನು ಎತ್ತಿಸದಿದ್ದರೆ ಪಾಲಿಕೆಗೆ ದೂರು ಕೊಡುತ್ತೇನೆಂದು ಪಕ್ಕದ ಮನೆಯವರು ವಾಕಿಂಗ್ ಹೋಗುವಾಗ ಹೇಳಿ ಹೋಗುತ್ತಾರೆ. ಈ ಅನ್ಯಾಯದ ಬಗ್ಗೆ ನನಗಿಂತ ಹೆಚ್ಚು ತಲೆ ಕೆಡಿಸಿಕೊಂಡಿರುವವನು ನನ್ನ ಭಾವಮೈದುನ. ಏಕೆಂದರೆ ಆ ಗುಜರಿ ಅವನದು. ಅದೊಂದು ಪ್ರೀಮಿಯರ್ ಪದ್ಮಿನಿ. ಬಾಡಿ ನಮ್ಮ ಗೇಟಿನ ಮುಂದಿದೆ, ಎಂಜಿನ್ ಅವನ ಮನೆಯ ಮಹಡಿ ಮೆಟ್ಟಿಲ ಕೆಳಗಿದೆ, ಗೇರ್‌ಬಾಕ್ಸ್ ಎಲ್ಲಿದೆ ಎಂದು ಕೇಳಿದರೆ ಮಾತು ಬದಲಿಸುತ್ತಾನೆ. ಅದಕ್ಕೆ ಬೇರೆ ಎಂಜಿನ್ ಕೂರಿಸಿ, ಅಮೆರಿಕದವರ ಹಾಗೆ ‘ಹಾಟ್ ರಾಡ್’ ಮಾಡುವುದು ಅವನ ಜೀವಮಾನದ ಗುರಿ.

ಇಂಥವನ ಜೊತೆ ಕಾಶಿಗೆ ಹೋಗಿದ್ದೆವು. ಕಾಶಿಗೆ ಹೋದ ಕನ್ನಡಿಗರ ದಿನಚರಿ ಎಲ್ಲರಿಗೂ ಗೊತ್ತಿರುವುದೇ: ಗಂಗಾಸ್ನಾನ, ವಿಶ್ವನಾಥ, ಅನ್ನಪೂರ್ಣೆ, ಕಾಲಭೈರವ, ಜಂಗಮವಾಡಿ ಮಠ, ಆಮೇಲೆ ಸೀರೆ ಅಂಗಡಿ. ಹೆಂಗಸರು ಆ ಬಿಳಿ ಗಾದಿಯ ಮೇಲೆ ಕೂತು ‘ಇನ್ನೊಂದು ತೋರಿಸಿ’ ಅಂದರೆಂದರೆ ಗಂಡಸರಿಗೆ ಅರ್ಧ ದಿನ ಪೆರೋಲು. ಕಾಶಿಯಲ್ಲಿ ಏನಾದರೂ ಒಂದನ್ನು ಬಿಟ್ಟು ಬರಬೇಕೆನ್ನುವುದು ಶಾಸ್ತ್ರ. ಹಳೇ ಕಾರಿನ ಹುಚ್ಚನ್ನು ಬಿಟ್ಟು ಬಾ ಎಂದು ಅವನಿಗೆ ಅವನ ಹೆಂಡತಿ ಹೇಳಿದ್ದಳು. ಅವನು ಹಾಗಲಕಾಯಿ ಬಿಟ್ಟ. ಮೊದಲಿನಿಂದಲೂ ಅದನ್ನು ಅವನು ತಿನ್ನುತ್ತಿರಲಿಲ್ಲ.

ಗಂಗೆಯ ಆಚೆ ದಡದಲ್ಲಿ ರಾಮನಗರವಿದೆ. ಬಿಡದಿ ದಾಟಿದ ಮೇಲೆ ಸಿಗುವ ನಮ್ಮ ರಾಮನಗರವಲ್ಲ. ಅಲ್ಲಿರುವುದು ಗಬ್ಬರ್ ಸಿಂಗನ ಬಂಡೆ, ಇಲ್ಲಿರುವುದು ಬಲವಂತ ಸಿಂಗನ ಕೋಟೆ. ಕಾಶಿಯ ರಾಜ ಬಲವಂತ ಸಿಂಗ್ 1750ರಲ್ಲಿ ಚುನಾರಿನ ಕೆನೆಬಣ್ಣದ ಕಲ್ಲಿನಲ್ಲಿ ಕಟ್ಟಿಸಿದ್ದು. ಒಳಗೆ ಸರಸ್ವತಿ ಭವನ ಎಂಬ ವಸ್ತುಸಂಗ್ರಹಾಲಯ. ಪಲ್ಲಕ್ಕಿ, ಅಂಬಾರಿ, ಕತ್ತಿ, ಬಂದೂಕು, ದಂತದ ಕೆತ್ತನೆ, 1852ರಲ್ಲಿ ತಯಾರಾದ ಒಂದು ಗಡಿಯಾರ. ಈ ಗಡಿಯಾರ ಗಂಟೆ ಹೇಳುವುದಷ್ಟೇ ಅಲ್ಲ, ತಿಂಗಳು, ವಾರ, ಸೂರ್ಯ ಚಂದ್ರ ಗ್ರಹಗಳ ಲೆಕ್ಕವನ್ನೂ ಕೊಡುತ್ತದೆ. ಇವೆಲ್ಲದರ ಜೊತೆಗೆ ಅಮೆರಿಕದಿಂದ ಹಡಗಿನಲ್ಲಿ ಬಂದ ಹಳೆಯ ಮೋಟಾರು ಕಾರುಗಳು. ಭಾವಮೈದುನ ಪಲ್ಲಕ್ಕಿ, ದಂತ ಎಲ್ಲವನ್ನೂ ಎಕ್ಸ್‌ಪ್ರೆಸ್ ರೈಲಿನ ವೇಗದಲ್ಲಿ ದಾಟಿ ಕಾರುಗಳ ಮುಂದೆ ನಿಂತ. ಫೋಟೋ ತೆಗೆಯುವ ಹಾಗಿಲ್ಲ ಎಂದು ಕಾವಲುಗಾರ ಹೇಳಿದಾಗ ಅವನ ಮುಖ ನೋಡಬೇಕಿತ್ತು. ವಿಶ್ವನಾಥನ ಗುಡಿಯಲ್ಲಿ ಮೊಬೈಲ್ ಬಿಟ್ಟು ಬಾ ಅಂದಾಗಲೂ ಅಷ್ಟು ಬೇಜಾರಾಗಿರಲಿಲ್ಲ.

ನಿಧಾನವಾಗಿ ಸುತ್ತು ಹಾಕಿದ. ಮಡ್‌ಗಾರ್ಡಿನ ಬಾಗು ನೋಡಿದ, ಕಾಲಿಟ್ಟು ಹತ್ತುವ ಹಲಗೆ ನೋಡಿದ, ಬಗ್ಗಿ ಹೊಟ್ಟೆಯ ಕೆಳಗೂ ನೋಡಿದ. ಕೊನೆಗೆ ನಿಟ್ಟುಸಿರು ಬಿಟ್ಟು, ‘ಭಾವ, ಇದರ ಮಡ್‌ಗಾರ್ಡ್ ಬಿಚ್ಚಿ ಬಿಸಾಕಿ, ಬಾನೆಟ್ ತೆಗೆದು, ಎಂಜಿನ್ ಕಾಣೋ ಹಾಗೆ ಬಿಟ್ಟರೆ ಏನು ಗತ್ತು ಬರುತ್ತೆ ಗೊತ್ತಾ’ ಅಂದ. ಕನ್ನಡ ಬಾರದ ಕಾವಲುಗಾರ ಪುಣ್ಯಕ್ಕೆ ಆಕಳಿಸುತ್ತಿದ್ದ.

ಹಾಟ್ ರಾಡ್ ಅಂದರೆ ಏನೆಂದು ತಿಳಿಯದವರು ನಮ್ಮ ಮನೆಯಲ್ಲಿ ಯಾರೂ ಉಳಿದಿಲ್ಲ. ಮದುವೆ ಊಟದ ಎಲೆ ಮುಂದೆ ಕೂತಾಗಲೂ ಅವನು ವಿವರಿಸಿದ್ದಾನೆ. 1930ರ ದಶಕ, ಕ್ಯಾಲಿಫೋರ್ನಿಯಾ. ಕೈಯಲ್ಲಿ ಕಾಸಿಲ್ಲದ ಹುಡುಗರು. ಫೋರ್ಡ್ ಕಂಪನಿ 1908ರಿಂದ 1927ರವರೆಗೆ ಒಂದೂವರೆ ಕೋಟಿ ಮಾಡೆಲ್ ಟಿ ಕಾರು ಮಾಡಿ ಗುಡ್ಡೆ ಹಾಕಿತ್ತು, ಗುಜರಿಯಲ್ಲಿ ಅವು ಪುಡಿಗಾಸಿಗೆ ಸಿಗುತ್ತಿದ್ದವು. 1932ರಲ್ಲಿ ಅದೇ ಕಂಪನಿ ಎಂಟು ಸಿಲಿಂಡರಿನ ವಿ-8 ಎಂಜಿನ್ನನ್ನು ಸಾಮಾನ್ಯರ ಕಾರಿಗೇ ಇಟ್ಟು, 500 ಡಾಲರಿಗೂ ಕಡಿಮೆಗೆ ಮಾರಿತು. ಹುಡುಗರು ಹಳೇ ಕಾರನ್ನು ತಂದು, ಭಾರ ಅನ್ನಿಸಿದ್ದನ್ನೆಲ್ಲ ಬಿಚ್ಚಿ, ದೊಡ್ಡ ಎಂಜಿನ್ ಕೂರಿಸಿ, ಮ್ಯೂರಾಕ್ ಎಂಬ ಒಣಗಿದ ಕೆರೆಯ ಅಂಗಳಕ್ಕೆ ಒಯ್ದು ಓಡಿಸಿದರು. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರು ರಿಪೇರಿ ಕೆಲಸ ಕಲಿತೇ ಬಂದಿದ್ದರು. ಹುಚ್ಚು ಇನ್ನೂ ಹೆಚ್ಚಾಯಿತು. 1948ರಲ್ಲಿ ‘ಹಾಟ್ ರಾಡ್’ ಹೆಸರಿನ ಪತ್ರಿಕೆಯೇ ಬಂತು.

ಇಲ್ಲಿಯವರೆಗೆ ಭಾವಮೈದುನನ ಕಣ್ಣು ಮಿನುಗುತ್ತಿರುತ್ತದೆ. ಮುಂದಿನ ಭಾಗವನ್ನು ಅವನು ಹೇಳುವುದಿಲ್ಲ, ನಾನೇ ಹೇಳಬೇಕು. ಬಡ ಹುಡುಗರ ಆ ಆಟಿಕೆ ಈಗ ಹರಾಜಿನ ಕಟ್ಟೆ ಹತ್ತಿದೆ. ಹಿಂದೊಮ್ಮೆ ಹೆಸರು ಮಾಡಿದ ಹಾಟ್ ರಾಡ್ ಒಂದು ಸಿಕ್ಕಿದರೆ ಅದಕ್ಕೆ ಕೊಡುವ ದುಡ್ಡಿನಲ್ಲಿ ನಮ್ಮೂರಲ್ಲಿ ಒಂದು ಕಲ್ಯಾಣ ಮಂಟಪ ಕಟ್ಟಬಹುದು. ಗುಜರಿಯಿಂದ ಕಾರು ಎಬ್ಬಿಸಿದ ಹುಡುಗ ಇವತ್ತು ಬಂದರೆ ತನ್ನ ಕಾರನ್ನೇ ಹಗ್ಗದ ಆಚೆಯಿಂದ ನೋಡಬೇಕು. ಇದರಿಂದ ರೇಗಿದ ಇನ್ನೊಂದು ಗುಂಪು ಬಣ್ಣ ಹೊಡೆಯದ, ತುಕ್ಕು ಹಿಡಿದ ಕಾರುಗಳನ್ನು ಮನೆಯಲ್ಲೇ ಜೋಡಿಸಿ ‘ರ‍್ಯಾಟ್ ರಾಡ್’ ಎಂದು ಹೆಸರಿಟ್ಟಿತು. ಇಲಿಗಾಡಿ ಅನ್ನೋಣ. ಇಲಿ ಅಂದಮೇಲೆ ಗಣಪತಿಯ ವಾಹನವೇ ಆಯಿತಲ್ಲ ಎಂದು ನಾನು ಸಮಾಧಾನಪಟ್ಟುಕೊಂಡಿದ್ದೆ. ಆದರೆ ಶ್ರೀಮಂತರು ಅದನ್ನೂ ಬಿಡಲಿಲ್ಲ. ಹೊಸ ತಗಡಿಗೆ ದುಡ್ಡು ಕೊಟ್ಟು ತುಕ್ಕು ಬರಿಸಿಕೊಳ್ಳುವವರೂ ಈಗ ಇದ್ದಾರೆ. ನಮ್ಮ ಗೇಟಿನ ಮುಂದಿನ ಪದ್ಮಿನಿಯಲ್ಲಿ ಈ ಲೆಕ್ಕಕ್ಕೆ ಲಕ್ಷಾಂತರ ರೂಪಾಯಿಯ ತುಕ್ಕಿದೆ.

ಕೋಟೆಯಿಂದ ಹೊರಬಂದರೆ ಅಸಲಿ ಹಾಟ್ ರಾಡು ಅಲ್ಲೇ ನಿಂತಿತ್ತು. ಮುಂದಿನ ಅರ್ಧ ಸ್ಕೂಟರು. ಹಿಂದಿನ ಅರ್ಧ ಎರಡು ಚಕ್ರದ ತಳ್ಳುಗಾಡಿ. ನಡುವೆ ಎರಡನ್ನೂ ಬೆಸೆದ ಕಬ್ಬಿಣದ ಚೌಕಟ್ಟು, ಬೆಸುಗೆಯ ಗಂಟುಗಳು ಇನ್ನೂ ಉಜ್ಜದೆ ಹಾಗೇ ಇದ್ದವು. ಸೀಟಿನ ಜಾಗದಲ್ಲಿ ಗೋಣಿಚೀಲ ಸುತ್ತಿದ ಹಲಗೆ. ಪೆಟ್ರೋಲ್ ಟ್ಯಾಂಕ್ ಎಂದು ಹ್ಯಾಂಡಲಿಗೆ ತೂಗುಹಾಕಿದ್ದ ಪ್ಲಾಸ್ಟಿಕ್ ಕ್ಯಾನು, ಅದರಿಂದ ಇಳಿದ ತೆಳ್ಳನೆಯ ಪೈಪು, ಪೈಪಿನ ನಡುವೆ ಆಸ್ಪತ್ರೆಯ ಡ್ರಿಪ್ಪಿನಿಂದ ಕಿತ್ತು ಹಾಕಿದ ಗಾಲಿ. ಅದನ್ನು ತಿರುಗಿಸಿದರೆ ಪೆಟ್ರೋಲು ಹೆಚ್ಚು ಕಡಿಮೆ. ಮೇಲೆ ಇಪ್ಪತ್ತು ಅಡಿ ಉದ್ದದ ಕಂಬಿಗಳು. ಅವುಗಳ ತುದಿಗೆ ಕೆಂಪು ಬಟ್ಟೆ ಕಟ್ಟಿತ್ತು, ಸುರಕ್ಷತೆಗೆ.

‘ಯಾವ ಮಾಡೆಲ್ಲು?’ ಎಂದು ಭಾವಮೈದುನ ತನ್ನ ಮೈಸೂರು ಹಿಂದಿಯಲ್ಲಿ ಕೇಳಿದ.

‘ಮುಂದಿನದು ಮಾವ ಕೊಟ್ಟಿದ್ದು, ಹಿಂದಿನದು ಅಪ್ಪ ಬಿಟ್ಟುಹೋಗಿದ್ದು’ ಅಂದ ಆಸಾಮಿ, ಬಾಯಲ್ಲಿದ್ದ ಪಾನ್ ಚೆಲ್ಲದಂತೆ ಮುಖ ಮೇಲೆತ್ತಿ. ವಾಹನದ ವಂಶಾವಳಿಯನ್ನು ಇಷ್ಟು ಚುಟುಕಾಗಿ ಯಾವ ಹರಾಜಿನವನೂ ಹೇಳಲಾರ.

ಇದು ಜುಗಾಡ್. ಇದರ ದೊಡ್ಡಣ್ಣ ಉತ್ತರ ಭಾರತದ ಹಳ್ಳಿಗಳಲ್ಲಿದೆ. ಹೊಲಕ್ಕೆ ನೀರೆತ್ತುವ ಒಂಟಿ ಸಿಲಿಂಡರಿನ ಡೀಸೆಲ್ ಪಂಪ್‌ಸೆಟ್ಟನ್ನು ಮರದ ಹಲಗೆಯ ಚೌಕಟ್ಟಿಗೆ ಕೂರಿಸಿ, ಗುಜರಿ ಜೀಪಿನ ಗೇರ್‌ಬಾಕ್ಸಿಗೆ ಬೆಲ್ಟು ಹಾಕಿ, ಕೈಯಲ್ಲಿ ಹಿಡಿ ತಿರುಗಿಸಿ ಚಾಲೂ ಮಾಡಿದರೆ ಊರಿಗೆ ಊರೇ ಹತ್ತಿಕೊಳ್ಳುತ್ತದೆ. ಬ್ರೇಕಿನ ಭರವಸೆಯಿಲ್ಲ, ನಿಲ್ಲಿಸಬೇಕಾದಾಗ ಒಬ್ಬ ಮರದ ದಿಮ್ಮಿ ಹಿಡಿದು ಕೆಳಗೆ ಹಾರಿ ಚಕ್ರಕ್ಕೆ ಒಡ್ಡುವುದೂ ಉಂಟು. ಬಿತ್ತನೆ ಬಂದಾಗ ಎಂಜಿನ್ ಬಿಚ್ಚಿ ಬಾವಿಗೆ ಕಟ್ಟಬಹುದು. ಕೋಟೆಯಲ್ಲಿರುವ ಯಾವ ಕಾರಿಗೆ ಈ ಯೋಗ್ಯತೆ ಇದೆ?

ಇದೇ ರಾಮನಗರದಲ್ಲಿ ವರ್ಷಕ್ಕೊಮ್ಮೆ 31 ದಿನ ರಾಮಲೀಲೆ ನಡೆಯುತ್ತದೆ. ಮೈಕಿಲ್ಲ, ವಿದ್ಯುತ್ ದೀಪವಿಲ್ಲ, ಪಂಜು ಮತ್ತು ಪೆಟ್ರೊಮ್ಯಾಕ್ಸಿನ ಬೆಳಕು. ಊರಿನ ಒಂದು ಮೂಲೆ ಅಯೋಧ್ಯೆ, ಇನ್ನೊಂದು ಮೂಲೆ ಲಂಕೆ; ಜನ ಕಥೆಯ ಹಿಂದೆ ನಡೆಯುತ್ತಾರೆ, ಕಾಶಿಯ ಅರಸ ಆನೆಯ ಮೇಲೆ ಕೂತು ನೋಡುತ್ತಾನೆ. ನಾವು ಹೋದಾಗ ಅದರ ಕಾಲವಲ್ಲ. ಆದರೆ ಲಸ್ಸಿ ಕುಡಿಯುತ್ತಾ ನನಗೆ ರಾಮಾಯಣದ ಸಾರಿಗೆ ವ್ಯವಸ್ಥೆಯ ಬಗ್ಗೆ ಯೋಚನೆ ಬಂತು.

ಪುಷ್ಪಕ ವಿಮಾನವನ್ನೇ ತೆಗೆದುಕೊಳ್ಳಿ. ತಯಾರಕ ವಿಶ್ವಕರ್ಮ. ಮಾಡಿದ್ದು ಬ್ರಹ್ಮನಿಗೆ, ಆಮೇಲೆ ಕುಬೇರನ ಕೈಗೆ, ಅವನಿಂದ ಕಿತ್ತುಕೊಂಡವನು ತಮ್ಮನೇ ಆದ ರಾವಣ. ಜಗತ್ತಿನ ಮೊದಲ ಸಂಗ್ರಾಹಕರ ವಾಹನ ಇದೇ. ರಾಮ ಅದರಲ್ಲಿ ಲಂಕೆಯಿಂದ ಅಯೋಧ್ಯೆಗೆ ಬಂದಿಳಿದು, ಮಾಲೀಕನಿಗೆ ವಾಪಸ್ ಕಳಿಸಿಬಿಟ್ಟ. ಇಟ್ಟುಕೊಳ್ಳುವುದು ಎಷ್ಟು ತಾಪತ್ರಯ ಎಂದು ಅವನಿಗೆ ಗೊತ್ತಿತ್ತು. ಇನ್ನು ಲಂಕೆಗೆ ಹೋಗುವಾಗಿನ ಏರ್ಪಾಡು? ಬಂಡೆ, ಮರ, ಸಿಕ್ಕಿದ್ದನ್ನೆಲ್ಲ ಕಡಲಿಗೆ ಹಾಕಿ ಕಪಿಗಳು ಕಟ್ಟಿದ ಸೇತುವೆ. ಪಕ್ಕಾ ಜುಗಾಡ್. ಅದರ ಮೇಸ್ತ್ರಿ ನಳ. ಈ ನಳ ಯಾರು? ಅದೇ ವಿಶ್ವಕರ್ಮನ ಮಗ! ಅಪ್ಪ ಬ್ರಹ್ಮನಿಗೆ ವಿಮಾನ ಮಾಡಿಕೊಟ್ಟ, ಮಗ ಕೈಯಲ್ಲಿ ಕಾಸಿಲ್ಲದವರಿಗೆ ದಾರಿ ಮಾಡಿಕೊಟ್ಟ. ಯುದ್ಧ ಗೆಲ್ಲಿಸಿದ್ದು ಮಗನ ಕೆಲಸ. ಇದನ್ನು ಹೇಳಿದ ಮೇಲೆ ಭಾವಮೈದುನ ಇನ್ನೊಂದು ಲಸ್ಸಿ ಕೊಡಿಸಿದ.

ನಮ್ಮ ಸರಕಾರಕ್ಕೆ ಮಾತ್ರ ಅಪ್ಪನ ಮೇಲೆಯೇ ಪ್ರೀತಿ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ಎಂಬ ಪಟ್ಟ, ‘ವಿಎ’ ಅಕ್ಷರಗಳ ವಿಶೇಷ ನಂಬರು, ನೋಂದಣಿಗೆ 20,000 ರೂಪಾಯಿ. ಷರತ್ತು ಎರಡು: ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು, ಮತ್ತು ದಿನನಿತ್ಯದ ಓಡಾಟಕ್ಕೆ ಬಳಸಬಾರದು. ಅಂದರೆ ಕಾರು ಕಾರಾಗಿರಬಾರದು, ವಿಗ್ರಹವಾಗಿರಬೇಕು, ಉತ್ಸವಕ್ಕೆ ಮಾತ್ರ ಹೊರಡಬೇಕು. ಇನ್ನು ಮಗನ ಕಡೆಯವರಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಾದು ಕೂತಿದೆ: ತಯಾರಕರು ಕೊಟ್ಟ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. ಜುಗಾಡ್ ಕೂಡ ಮೋಟಾರು ವಾಹನವೇ, ಕಾಯ್ದೆಗೆ ಒಳಪಡಬೇಕು ಎಂದು 2013ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ತಪ್ಪೇನಿಲ್ಲ, ದಿಮ್ಮಿ ಹಿಡಿದು ಹಾರುವವನಿಗೂ ಹೆಂಡತಿ ಮಕ್ಕಳಿರುತ್ತಾರೆ. ಆದರೂ ಸಕಲೇಶಪುರ, ಮೂಡಿಗೆರೆ ಕಡೆ ಮಿಲಿಟರಿಯವರು ಹರಾಜು ಹಾಕಿದ ಡಿಸ್ಪೋಸಲ್ ಜೀಪಿಗೆ ಬೇರೆ ಡೀಸೆಲ್ ಎಂಜಿನ್ ಕೂರಿಸಿ, ಕೆಸರುಗದ್ದೆಯಂಥ ತೋಟದ ದಾರಿಯಲ್ಲಿ ಏಲಕ್ಕಿ, ಕಾಫಿ, ಬಾಣಂತಿಯರನ್ನು ಸಾಗಿಸಿದ ಮೆಕ್ಯಾನಿಕ್‌ಗಳನ್ನು ನೆನೆದರೆ, ನಾನು ಕಲಮಿನ ಕಡೆಗೆ ಪೂರ್ತಿ ವಾಲಲಾರೆ.

ನಮ್ಮ ಗಡಿಯಾಚೆಯ ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆಯಲ್ಲಿ ಕಮ್ಮಾರರೊಬ್ಬರು ಮಗನ ಆಸೆಗೆಂದು ಗುಜರಿ ಸಾಮಾನಿನಿಂದ ಪುಟ್ಟ ಜೀಪು ಕಟ್ಟಿದ್ದರು. ಖರ್ಚು ಸುಮಾರು 60,000 ರೂಪಾಯಿ. ಬೈಕಿನ ಹಾಗೆ ಕಾಲಲ್ಲಿ ಒದ್ದು ಚಾಲೂ ಮಾಡುವ ಜೀಪು. 2021ರ ಕೊನೆಯಲ್ಲಿ ಅದರ ವಿಡಿಯೊ ನೋಡಿದ ಮಹೀಂದ್ರಾ ಕಂಪನಿಯ ಆನಂದ್ ಮಹೀಂದ್ರಾ, ಇದು ನಿಯಮಕ್ಕೆ ಹೊಂದುವುದಿಲ್ಲ ಎಂಬುದನ್ನೂ ಹೇಳಿ, ಇದನ್ನು ನಮಗೆ ಕೊಟ್ಟರೆ ಬೊಲೆರೊ ಕೊಡುತ್ತೇನೆ ಎಂದರು. ಮುಂದಿನ ತಿಂಗಳು ಕೊಟ್ಟೂಬಿಟ್ಟರು. ಮನೆಯಲ್ಲಿ ಕಟ್ಟಿದ ಗಾಡಿ ಸಂಗ್ರಹಕ್ಕೆ ಹೋಯಿತು, ಕಮ್ಮಾರರಿಗೆ ಓಡುವ ಗಾಡಿ ಸಿಕ್ಕಿತು. ಈ ಸುದ್ದಿ ಬಂದ ಮೇಲೆ ಭಾವಮೈದುನ ಪದ್ಮಿನಿಯ ವಿಡಿಯೊ ಮಾಡಿ ಎಲ್ಲ ಕಂಪನಿಗಳಿಗೂ ಕಳಿಸಿದ್ದಾನೆ. ಯಾರೂ ಸೈಕಲ್ ಕೊಡುವುದಾಗಿಯೂ ಹೇಳಿಲ್ಲ.

ರಾಮನಗರಕ್ಕೆ ಇನ್ನೊಂದು ಕಾರಿನ ನಂಟಿದೆ. ಲಾಲ್ ಬಹಾದುರ್ ಶಾಸ್ತ್ರಿಯವರ ಪೂರ್ವಿಕರ ಮನೆ ಇರುವುದು ಇಲ್ಲೇ. ದೋಣಿಗೆ ಕಾಸಿಲ್ಲದೆ ಹುಡುಗ ಗಂಗೆಯನ್ನು ಈಜಿ ಶಾಲೆಗೆ ಹೋಗುತ್ತಿದ್ದ ಎಂಬ ಕಥೆ ನಾವೆಲ್ಲ ಕೇಳಿದ್ದೇ. ಆ ಹುಡುಗ ಪ್ರಧಾನಿಯಾದ ಮೇಲೆ ಮನೆಯವರು ಸ್ವಂತ ಕಾರು ಬೇಕೆಂದರು. ಹೊಸ ಫಿಯೆಟ್ಟಿನ ಬೆಲೆ 12,000 ರೂಪಾಯಿ. ಬ್ಯಾಂಕಿನಲ್ಲಿದ್ದದ್ದು 7,000. ಉಳಿದ 5,000ಕ್ಕೆ ದೇಶದ ಪ್ರಧಾನಿ ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ ಸಾಲಕ್ಕೆ ಅರ್ಜಿ ಹಾಕಿದರು. ಸಾಲ ತೀರುವ ಮೊದಲೇ, 1966ರ ಜನವರಿ 11ರಂದು ತಾಷ್ಕೆಂಟಿನಲ್ಲಿ ತೀರಿಕೊಂಡರು. ಉಳಿದ ಕಂತುಗಳನ್ನು ಪತ್ನಿ ಲಲಿತಾ ಶಾಸ್ತ್ರಿಯವರು ತಮ್ಮ ಪಿಂಚಣಿಯಿಂದ ಕಟ್ಟಿದರು. ಇದು ಗೊತ್ತಾದ ಮೇಲೆ ಭಾವಮೈದುನ ತುಸು ಹೊತ್ತು ಸುಮ್ಮನಿದ್ದ. ಆಮೇಲೆ, ‘ಅದೇ ಫಿಯೆಟ್ಟೇ ಆಮೇಲೆ ಪದ್ಮಿನಿ ಆಗಿದ್ದು’ ಎಂದು ಎದೆಯುಬ್ಬಿಸಿದ. ಅದು ನಿಜ. ಆದರೆ ಶಾಸ್ತ್ರಿಯವರ ಫಿಯೆಟ್ಟಿನಲ್ಲಿ ಎಂಜಿನ್ ಒಳಗೇ ಇತ್ತು.

ನನ್ನ ತೀರ್ಪು ಕೇಳಿದರೆ, ರಾಮನಗರದ ದುಬಾರಿ ಕಾರು ಕೋಟೆಯೊಳಗಿಲ್ಲ. ರಾಜರಿಗೆ ತಮ್ಮ ಕಾರಿನ ಬೆಲೆ ನೆನಪಿತ್ತೋ ಇಲ್ಲವೋ. ಶಾಸ್ತ್ರಿಯವರ ಮನೆಯಲ್ಲಿ ಐದು ಸಾವಿರದ ಪ್ರತಿ ಕಂತೂ ನೆನಪಿತ್ತು.

ನೀವು ಕಾಶಿಗೆ ಹೋದರೆ ರಾಮನಗರದಲ್ಲಿ ಕೋಟೆಯನ್ನಷ್ಟೇ ನೋಡಿ ವಾಪಸಾಗಬೇಡಿ, ಶಾಸ್ತ್ರಿಯವರ ಮನೆಗೂ ಹೋಗಿ. ಈಗ ಅದೂ ಒಂದು ಮ್ಯೂಸಿಯಮ್ಮು. ಕಾರು ಮಾತ್ರ ಅಲ್ಲಿಲ್ಲ, ದೆಹಲಿಯ ಸ್ಮಾರಕದಲ್ಲಿದೆ, ನಂಬರು ಡಿಎಲ್ಇ 6. ಕೋಟೆಯಿಂದ ಮನೆ ದೂರವೇನಿಲ್ಲ, ನಡೆದೇ ಹೋಗಿ. ಜುಗಾಡಿನವನು ಬಾ ಕೂತ್ಕೋ ಅಂದರೆ ಮೊದಲು ದಿಮ್ಮಿ ಯಾರ ಕೈಯಲ್ಲಿದೆ ನೋಡಿಕೊಳ್ಳಿ.