ಹಲ್ಲುಳ್ಳ ಪೌರರಿಗೆ ಮೇಯರ್ ಬರೆದ ಬಹಿರಂಗ ಪತ್ರ

ನವ ಹುಮನಾಬಾದಿನ ಸಮಸ್ತ ಪೌರಬಂಧುಗಳಿಗೆ, ಛತ್ರಪತಿ ಸಂಭಾಜಿನಗರದ ಸಿಡ್ಕೋ ಬಡಾವಣೆಯ ಎರಡನೇ ಮಹಡಿಯಿಂದ ನಿಮ್ಮ ಮೇಯರ್ ಮಾಡುವ ನಮಸ್ಕಾರಗಳು.

ನಿಮ್ಮ ಜನಸಂಖ್ಯೆ ಒಂದು ಲಕ್ಷ ದಾಟಿತೆಂಬ ಸುದ್ದಿಯನ್ನು ನನಗೆ ಮೊದಲು ತಿಳಿಸಿದ್ದು ಕಂಪ್ಯೂಟರಿನ ಫ್ಯಾನು. ಅದರ ಸದ್ದಿಗೆ ಕೆಳಮನೆಯವರು ಮೇಲೆ ಬಂದು, ಏನೂ ಅನಾಹುತವಾಗಿಲ್ಲ ತಾನೇ ಎಂದು ವಿಚಾರಿಸಿಕೊಂಡು ಹೋದರು. ಅಷ್ಟರಲ್ಲಿ ನಿಮ್ಮೂರಿನ ಬಸ್ಸು ಒಂದು ಸ್ಟಾಪಿನಿಂದ ಇನ್ನೊಂದಕ್ಕೆ ಫೋಟೋ ಆಲ್ಬಮ್ ತಿರುವಿದ ಹಾಗೆ ಹೋಗುತ್ತಿತ್ತು. ಬೆಳವಣಿಗೆ ಸಂತೋಷದ ವಿಷಯವೇ. ಆದರೆ ನಿಮ್ಮ ಹಲ್ಲಿನ ವಿಷಯ ಸ್ವಲ್ಪ ಮಾತಾಡಬೇಕಿದೆ.

ನೀವು ವಾಸಿಸುವ ಸಿಟೀಸ್: ಸ್ಕೈಲೈನ್ಸ್ 2 ಎಂಬ ಆಟ 2023ರ ಅಕ್ಟೋಬರ್ 24ರಂದು ಬಿಡುಗಡೆಯಾಯಿತು. ಇಷ್ಟು ಭಾರವೇಕೆ ಎಂದು ಕುತೂಹಲಿ ಪ್ರೋಗ್ರಾಮರುಗಳು ಒಳಗೆ ಇಣುಕಿದರೆ ಕಂಡದ್ದು ನಿಮ್ಮ ಹಲ್ಲುಗಳು. ಒಬ್ಬೊಬ್ಬರಿಗೂ ಬಾಯಿತುಂಬ, ಅಚ್ಚುಕಟ್ಟಾಗಿ ಕಡೆದ ಹಲ್ಲು! ನಾನು ನಿಮ್ಮನ್ನು ನೋಡುವುದು ಹದ್ದು ಹಾರುವ ಎತ್ತರದಿಂದ. ಅಲ್ಲಿಂದ ನೀವು ಸಾಸಿವೆಕಾಳಿನಷ್ಟು. ಹಲ್ಲಿದ್ದಾಗ ಕಡಲೆ ಇಲ್ಲ ಎನ್ನುವ ಗಾದೆ ಗೊತ್ತಿತ್ತು; ಕಡಲೆಯೂ ಇಲ್ಲದೆ, ಬಾಯಿ ತೆರೆಯುವ ಪ್ರಸಂಗವೂ ಇಲ್ಲದೆ ಹಲ್ಲಿಟ್ಟುಕೊಂಡವರನ್ನು ಕಂಡದ್ದು ಇದೇ ಮೊದಲು. ಸಾಮಾನ್ಯವಾಗಿ ಆಟ ಮಾಡುವವರು ಪ್ರತಿ ವಸ್ತುವಿಗೂ ಎರಡು ಮೂರು ರೂಪ ಮಾಡಿಟ್ಟಿರುತ್ತಾರೆ: ಹತ್ತಿರ ಬಂದರೆ ಸೂಕ್ಷ್ಮದ್ದು, ದೂರ ಹೋದರೆ ಒರಟಾದದ್ದು. ನಿಮಗೆ ಆ ದೂರದ ರೂಪವನ್ನೇ ಮಾಡಿರಲಿಲ್ಲ. ನಿಮ್ಮೂರಿನ ಮರದ ದಿಮ್ಮಿಗಳ ರಾಶಿಯ ಕಥೆಯೂ ಇದೇ. ಎಲ್ಲ ತಪ್ಪನ್ನೂ ನಿಮ್ಮ ಬಾಯಿಗೆ ಹಾಕುವುದು ಅನ್ಯಾಯ, ಒಪ್ಪಿದೆ. ಕಟ್ಟಡದ ಹಿಂದೆ ಮರೆಯಾದದ್ದನ್ನು ಚಿತ್ರಿಸದೆ ಬಿಡುವ ವ್ಯವಸ್ಥೆ ಸಾಲದಾಗಿತ್ತು, ನೆರಳುಗಳ ಲೆಕ್ಕ ಅತಿಯಾಗಿತ್ತು. ಆದರೂ ನೆರಳಿನ ಮೇಲೆ ಯಾರಿಗೆ ಸಿಟ್ಟು ಬರುತ್ತದೆ? ಹಲ್ಲಿನ ಮೇಲೆ ಬರುತ್ತದೆ.

ಬಿಡುಗಡೆಗೆ ಕೆಲವೇ ವಾರ ಮುಂಚೆ, ಬೇಕಾಗುವ ಯಂತ್ರಾಂಶದ ಪಟ್ಟಿಯನ್ನು ಆಟ ಮಾಡಿದವರು ಮೇಲೇರಿಸಿದರು. ಉತ್ತಮ ಅನುಭವಕ್ಕೆ ಆರ್‌ಟಿಎಕ್ಸ್ 3080 ಗ್ರಾಫಿಕ್ಸ್ ಕಾರ್ಡು ಬೇಕಂತೆ. 2020ರಲ್ಲಿ ಆ ಕಾರ್ಡು ಬಂದಾಗ ಅದರ ಬೆಲೆಗೂ ನಮ್ಮ ವಾಳೂಜಿನ ಬಜಾಜ್ ಕಾರ್ಖಾನೆಯಿಂದ ಹೊರಬರುವ ಸಾದಾ ಬೈಕಿನ ಬೆಲೆಗೂ ಹೆಚ್ಚು ಅಂತರವಿರಲಿಲ್ಲ. ಬೈಕು ಪೆಟ್ರೋಲು ಹಾಕಿದರೆ ಎಲ್ಲೋರದವರೆಗಾದರೂ ಕರೆದೊಯ್ಯುತ್ತದೆ. ಇಷ್ಟೆಲ್ಲ ಸುರಿದ ಮೇಲೆ ಸಿಗುವುದೇನು ಎಂದು ಕೇಳಿದವರಿಗೆ, ಸೆಕೆಂಡಿಗೆ 30 ಚಿತ್ರ ನಮ್ಮ ಗುರಿ, ಊರು ಕಟ್ಟುವ ಆಟಕ್ಕೆ ಅದಕ್ಕಿಂತ ಹೆಚ್ಚು ಬೇಕಿಲ್ಲ ಎಂಬರ್ಥದ ಉತ್ತರ ಬಂತು. ಪರೀಕ್ಷೆ ಬರೆದವರೇ ಪಾಸ್ ಮಾರ್ಕು ಗೊತ್ತುಮಾಡುವ ಅನುಕೂಲ ನನ್ನ ಕಾಲದ ಕಾಲೇಜಿನಲ್ಲಿ ಇರಲಿಲ್ಲ.

ನನ್ನ ಅಕ್ಕನ ಮಗ ನಾಸಿಕ್‌ನಲ್ಲಿದ್ದಾನೆ. ಅವನಿಗೆ ಫೋನು ಮಾಡಿದೆ.

“ಮಾಮಾ, ಹೊಸ ಕಾರ್ಡ್ ತಗೋಬ್ಯಾಡ್ರಿ. ಮೊದಲ ಡಬ್ಬಿ ತೆಗೆದು ರ್‍ಯಾಮ್ ಎಷ್ಟವ ನೋಡ್ರಿ.”

ಒಂದೇ ಕಡ್ಡಿ ಇತ್ತು, 16 ಜಿಬಿಯದು. ಎರಡು ದಾರಿಯಿರುವ ಬೋರ್ಡಿಗೆ ಒಂದೇ ಕಡ್ಡಿ ಸಿಕ್ಕಿಸಿ ಕೊಟ್ಟಿದ್ದರು ಅಂಗಡಿಯವರು. ಮೇಲಾಗಿ 3200ರ ವೇಗಕ್ಕೆಂದು ದುಡ್ಡು ತೆಗೆದುಕೊಂಡು, ಬಯಾಸ್‌ನಲ್ಲಿ ಆ ವೇಗ ಕೊಡಿಸುವ ಎಕ್ಸ್‌ಎಂಪಿ ಒತ್ತದೆ 2133ರಲ್ಲೇ ಬಿಟ್ಟಿದ್ದರು. ಡಬ್ಬಿಯೊಳಗೆ ಬಣ್ಣದ ದೀಪಗಳನ್ನು ಮಾತ್ರ ಒಂದೂ ಮರೆಯದೆ ಹಚ್ಚಿದ್ದರು. ಜೋಡಿ ಕಡ್ಡಿ ಬಂತು, ಎರಡನೇ ಮತ್ತು ನಾಲ್ಕನೇ ಗೂಡಿಗೆ ಕೂತಿತು, ಎಕ್ಸ್‌ಎಂಪಿ ಆನ್ ಆಯಿತು. ಆಟದ ಸೆಟ್ಟಿಂಗಿನಲ್ಲಿ ಡೆಪ್ತ್ ಆಫ್ ಫೀಲ್ಡ್ ಬಂದ್, ಮಂಜು ಮೋಡದ ವಾಲ್ಯೂಮೆಟ್ರಿಕ್ಸ್ ಬಂದ್, ಗ್ಲೋಬಲ್ ಇಲ್ಯುಮಿನೇಷನ್ ಕೆಳಕ್ಕೆ, ರೆಸಲ್ಯೂಷನ್ 1080ಕ್ಕೆ. ಈ ಸಲಹೆಗಳಲ್ಲಿ ಹೆಚ್ಚಿನವನ್ನು ಆಟ ಮಾಡಿದ ಫಿನ್ಲೆಂಡಿನ ಕಲಾಸಲ್ ಆರ್ಡರ್‌ನವರೇ ಬಿಡುಗಡೆಯ ಹೊತ್ತಿಗೆ ಕೊಟ್ಟಿದ್ದರು. ಹೊಸ ಸೀರೆ ಕೊಟ್ಟು, ಉಡುವಾಗ ಸೆರಗು ಕತ್ತರಿಸಿಕೊಳ್ಳಿ ಅಂದಂತೆ.

ಆದರೆ ಅವರ ಪಟ್ಟಿಯಲ್ಲಿ ಮರಾಠವಾಡದ ಮೇ ತಿಂಗಳು ಇಲ್ಲ. ಕೋಣೆ ಹತ್ತು ಡಿಗ್ರಿ ಕಾದರೆ ಒಳಗಿನ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಕಾಯುತ್ತದೆ. ನೂರರ ಹತ್ತಿರ ಹೋದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಹೊರಗೆ ನಲವತ್ತು ದಾಟಿದ ಮಧ್ಯಾಹ್ನ ಫಿನ್ಲೆಂಡಿನ ಟಾಂಪೆರೆಯಲ್ಲಿ ಬರೆದ ಪಟ್ಟಿ ಏನು ಮಾಡೀತು? ಫಿಲ್ಟರಿನ ದೂಳು ಕೊಡವಿ, ಆಟವನ್ನು 30 ಚಿತ್ರಕ್ಕೇ ಕಟ್ಟಿಹಾಕಿದೆ. ಫ್ಯಾನು ಸುಮ್ಮನಾಯಿತು. ಕೊನೆಗೂ ಅವರ ಗುರಿಯನ್ನು ನಾನೇ ಮುಟ್ಟಿಸಿಕೊಟ್ಟೆ.

ಬಸ್ಸು ಈಗ ನುಣುಪಾಗಿ ಓಡುತ್ತದೆ, ಆದರೆ ನಿಮ್ಮ ದಿನವೇ ಮುಗಿಯುವುದಿಲ್ಲ. ಇದು ಕಾರ್ಡಿನ ದೋಷವಲ್ಲ. ಲಕ್ಷ ಜನ ಯಾವ ರಸ್ತೆಯಲ್ಲಿ ಹೋಗಬೇಕು, ಎಲ್ಲಿ ಕೆಲಸ ಮಾಡಬೇಕು ಎಂಬ ಲೆಕ್ಕ ಪ್ರೊಸೆಸರಿನದು. ಅದು ಏದುಸಿರು ಬಿಡುವಾಗ ಕಾರ್ಡಿನ ಮೇಲೆ ಎಷ್ಟು ಸುರಿದರೂ ವ್ಯರ್ಥ. ನಮ್ಮವರಿಗೆ ಇದು ಬೇಗ ಅರ್ಥವಾಗುತ್ತದೆ. ಗೋದಾವರಿಯ ಮೇಲ್ಗಡೆ ನಾಸಿಕ್‌ನ ಗಂಗಾಪುರ ಮತ್ತಿತರ ಅಣೆಕಟ್ಟುಗಳು, ಕೆಳಗಡೆ ಪೈಠಣದಲ್ಲಿ ನಮ್ಮ ಜಾಯಕವಾಡಿ. ಮೇಲಿನಿಂದ ಬಿಡದಿದ್ದರೆ ಕೆಳಗಿನ ಕೆರೆ ಎಷ್ಟು ದೊಡ್ಡದಿದ್ದರೇನು? ನೀವು ಹುಟ್ಟಿದ ಆ ಅಕ್ಟೋಬರ್ ತಿಂಗಳ ಕೊನೆಯಲ್ಲೇ ಜಾಯಕವಾಡಿಗೆ 8.6 ಟಿಎಂಸಿ ಬಿಡಬೇಕೆಂದು ಆದೇಶವಾಗಿ, ಎರಡೂ ಕಡೆ ಜಗಳವೆದ್ದಿತ್ತು. ಅಕ್ಕನ ಮಗ ಆಗಲೂ ಮೇಲ್ಗಡೆಯವನು, ಈಗಲೂ ಮೇಲ್ಗಡೆಯವನು: ಅವನದು 12 ಕೋರಿನ ಪ್ರೊಸೆಸರು. ಈ ಆಟ ಸಿಕ್ಕಷ್ಟು ಕೋರುಗಳನ್ನೂ ದುಡಿಸಿಕೊಳ್ಳುತ್ತದೆ.

ನೀರಿನ ಮಾತು ಬಂದದ್ದರಿಂದ ಹೇಳುತ್ತೇನೆ. ನಿಮಗೆ ಮೌಸಿನ ಒಂದೆಳೆತದಲ್ಲಿ ಪೈಪು ಹಾಕಿಕೊಟ್ಟೆ. ಇಲ್ಲಿ 2020ರ ಡಿಸೆಂಬರಿನಲ್ಲಿ 1,680 ಕೋಟಿಯ ಯೋಜನೆಗೆ ಗುದ್ದಲಿ ಪೂಜೆಯಾದ ಮೇಲೂ ನನ್ನ ಮನೆ ನಲ್ಲಿ ಹಲವು ದಿನಕ್ಕೊಮ್ಮೆ ಕೆಮ್ಮಿದೆ. ನಿಮಗೆ ನಾನು ಹಗಲೂ ರಾತ್ರಿ ಮೇಯರ್. ಇಲ್ಲಿನ ಪಾಲಿಕೆಯ ಅವಧಿ 2020ರ ಏಪ್ರಿಲ್‌ನಲ್ಲಿ ಮುಗಿಯಿತು, ನಾಸಿಕ್‌ನದು 2022ರ ಮಾರ್ಚ್‌ನಲ್ಲಿ. ಚುನಾವಣೆ ಆದದ್ದು 2026ರ ಜನವರಿಯಲ್ಲಿ. ಅಷ್ಟು ವರ್ಷ ಎರಡೂ ಊರು ಆಡಳಿತಾಧಿಕಾರಿಗಳ ಕೈಯಲ್ಲಿ ನಡೆದವು. ಆ ಆಡಳಿತಕ್ಕೆ ಸೆಕೆಂಡಿಗೆ ಎಷ್ಟು ಚಿತ್ರವೆಂದು ಯಾರೂ ಅಳೆಯಲಿಲ್ಲ.

ನಿಮ್ಮ ಉಸ್ತುವಾರಿಯೂ ಅದೇ ಜನವರಿಯಲ್ಲಿ ಬದಲಾಗಿದೆ. ಕಲಾಸಲ್ ಆರ್ಡರ್‌ನ ಕೈತಪ್ಪಿ, ಅದೇ ಟಾಂಪೆರೆಯ ಐಸ್‌ಫ್ಲೇಕ್ ಎಂಬ ಸಂಸ್ಥೆಯ ಪಾಲಾಗಿದ್ದೀರಿ. ಹೊಸಬರ ಮೇಲೆ ಭರವಸೆ ಇದ್ದೇ ಇದೆ. ಅವರ ಕೆಲಸ ಕಾಣುವವರೆಗೆ ಈ ಆದೇಶ: ನವ ಹುಮನಾಬಾದಿನಲ್ಲಿ ಹೊಸ ವಸತಿ ಬಡಾವಣೆಗೆ ಪರವಾನಗಿ ಇಲ್ಲ. ವಲಸೆ ಬರುವವರು ಮಳೆಗಾಲದವರೆಗೆ ಕಾಯಬೇಕು. ಅಷ್ಟು ತಾಳ್ಮೆ ಇಲ್ಲದವರು ನಾಸಿಕ್‌ಗೆ ಹೋಗಿ. ಅಲ್ಲಿನ ಕಂಪ್ಯೂಟರಿನ ಮೇಯರ್ ನನ್ನ ಅಕ್ಕನ ಮಗ, ನನ್ನ ಹೆಸರು ಹೇಳಿದರೆ ಬಾಡಿಗೆ ಕಡಿಮೆ ಮಾಡಿಸುತ್ತಾನೆ.

ಇಂತಿ,
ನಿಮ್ಮ ಮೇಯರ್
(ಕರೆಂಟು ಇರುವವರೆಗೆ)