ಬೆಲ್ ಒತ್ತಪ್ಪ, ನೋಡೋಣ

ನಮ್ಮ ಕಡೆ ಒಬ್ಬರ ಮನೆಗೆ ಹೋಗಲು ಬೆಲ್ ಬೇಕಿಲ್ಲ, ಗಂಟಲು ಸಾಕು. ರಸ್ತೆಯಲ್ಲೇ ಬೈಕ್ ನಿಧಾನ ಮಾಡಿ, "ಯಾರದೀರಿ ಒಳಗೆ?" ಎಂದು ಕೂಗಿ, ಉತ್ತರ ಬರುವಷ್ಟರಲ್ಲಿ ಪಡಸಾಲೆಯಲ್ಲಿ ಕೂತಿರುವುದು ಕತ್ತಲಗೆರೆಯ ಪದ್ಧತಿ. ಹಗಲು ಹೊತ್ತು ಬಾಗಿಲು ಹಾಕಿದ್ದರೆ ಒಂದೋ ಮನೆಯವರು ಊರಲ್ಲಿಲ್ಲ, ಇಲ್ಲವೇ ಒಳಗೆ ಅಣ್ಣತಮ್ಮಂದಿರ ಪಾಲಿನ ಪಂಚಾಯ್ತಿ ನಡೆದಿದೆ ಎಂದರ್ಥ. ಇಂಥ ಊರಿನಲ್ಲಿ ನಮ್ಮ ರಿಟೈರ್ಡ್ ಮೇಷ್ಟ್ರು ಬಾಗಿಲಿಗೆ ಕ್ಯಾಮೆರಾ ಇರುವ ಬೆಲ್ ಹಾಕಿಸಿದರು.

ಮೇಷ್ಟ್ರ ಹೆಸರು ಬೇಡ. ಚನ್ನಗಿರಿ, ಹೊನ್ನಾಳಿ, ಜಗಳೂರು, ಎಲ್ಲಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಪಿಂಚಣಿ ಬರುತ್ತಿರುತ್ತದೆ, ಮೂರೆಕರೆ ಅಡಿಕೆ ಇರುತ್ತದೆ, ಮಗ ಬೆಂಗಳೂರಿನಲ್ಲಿರುತ್ತಾನೆ. ಇಷ್ಟೆಲ್ಲ ಇದ್ದ ಮೇಲೆ ಒಂದು ಭಯವೂ ಇಲ್ಲದಿದ್ದರೆ ಮನುಷ್ಯನಿಗೆ ಮರ್ಯಾದೆ ಎಲ್ಲಿಂದ ಬರಬೇಕು?

ಆ ಭಯವನ್ನು ಒದಗಿಸಿದ್ದು ನ್ಯಾಮತಿ. 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಬ್ಯಾಂಕಿಗೆ ಕಿಟಕಿಯಿಂದ ನುಗ್ಗಿದ ಕಳ್ಳರು 17 ಕೆ.ಜಿ.ಗೂ ಹೆಚ್ಚು ಚಿನ್ನ ಹೊತ್ತರು. ಹೋಗುವಾಗ ಖಾರದ ಪುಡಿ ಎರಚಿ, ಸಿಸಿಟಿವಿಯ ಡಿವಿಆರ್ ಪೆಟ್ಟಿಗೆಯನ್ನೂ ಜೊತೆಗೇ ಒಯ್ದರು. ಮರುವರ್ಷ ಆ ಚಿನ್ನ ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಬಾವಿಯೊಂದರಿಂದ ಮೇಲೆ ಬಂತು. ಹಿಡಿದವರಲ್ಲಿ ನ್ಯಾಮತಿಯಲ್ಲೇ ಅಂಗಡಿ ಇಟ್ಟುಕೊಂಡಿದ್ದವರೂ ಇದ್ದಾರೆಂದು ಪೊಲೀಸರು ಹೇಳಿದರು. ಈ ಸುದ್ದಿ ಓದಿ ಮೇಷ್ಟ್ರು ಕ್ಯಾಮೆರಾ ಬೇಕು ಅಂದರು. ಅದೇ ಸುದ್ದಿ ಕೇಳಿದ ಅವರ ಹೆಂಡತಿ, ನಮ್ಮ ಅಮ್ಮಾವ್ರು, "ಕಳ್ಳ ಪರಿಚಯದೋನೇ ಆದ್ರೆ ಬೆಲ್ ಒತ್ತಿ, ಒಳಗೆ ಬಂದು, ಕಾಫಿ ಕುಡ್ಕಂಡೇ ಹೋಗ್ತಾನಲ್ರಿ" ಅಂದರು. ಬೆಲ್ ಬಂತು.

ಗೃಹಪ್ರವೇಶಕ್ಕೆ ಕರೆದ ಹಾಗೆ ನಮ್ಮನ್ನೆಲ್ಲ ಕರೆದರು. ಜಗಳೂರಿನಿಂದ ಬೀಗರೂ ಬಂದಿದ್ದರು.

"ಕಳ್ಳರು ಬೆಲ್ಲನ್ನೇ ಕಿತ್ಕಂಡು ಹೋದ್ರೆ?" ನಾನು ಕೇಳಿದೆ.

"ಹೋಗ್ಲಿ. ಚಿತ್ರ ಎಲ್ಲ ಕ್ಲೌಡ್‌ನಾಗಿರುತ್ತೆ."

"ಅಂದ್ರೆ?"

"ಮೋಡ ಕಣಯ್ಯ. ಮೇಲಿರುತ್ತೆ. ಬೇಕಾದಾಗ ಇಳಿಸ್ಕಬಹುದು."

ಬೀಗರು ಎಲೆ ಅಡಿಕೆ ಒಂದು ಕಡೆಗೆ ತಳ್ಳಿ, "ನಮ್ಮ ಜಗಳೂರಿಗೂ ಬರ್ತಾವ್ರಿ ಮೋಡ. ಇಳಿಸಿದ್ದು ಮಾತ್ರ ನಾನು ಕಂಡಿಲ್ಲ" ಅಂದರು.

ಮೇಷ್ಟ್ರು ಇದಕ್ಕೆಲ್ಲ ಜಗ್ಗುವವರಲ್ಲ. ಮೂವತ್ತು ವರ್ಷ ವಿಜ್ಞಾನ ಹೇಳಿದವರು. ಬೆಲ್ ಒತ್ತಿದವನಿಗೆ ಬಾಗಿಲು ತೆರೆಯುವ ಮೊದಲು ಪಾಠ ತೆರೆಯುತ್ತಾರೆ. 1831ರಲ್ಲಿ ಅಮೆರಿಕದ ಜೋಸೆಫ್ ಹೆನ್ರಿ ತಂತಿಯ ದೂರದ ತುದಿಯಲ್ಲಿ ವಿದ್ಯುತ್ತಿನಿಂದ ಗಂಟೆ ಬಾರಿಸಿದ್ದರಿಂದ ಶುರು. ಆಮೇಲೆ ನ್ಯೂಯಾರ್ಕಿನ ನರ್ಸ್ ಮೇರಿ ವ್ಯಾನ್ ಬ್ರಿಟನ್ ಬ್ರೌನ್. ಗಂಡನದೂ ಹೊತ್ತುಗೊತ್ತಿಲ್ಲದ ಕೆಲಸ, ರಾತ್ರಿ ಮನೆಯಲ್ಲಿ ಒಬ್ಬಳೇ, ಕರೆದರೆ ಪೊಲೀಸರು ಬೇಗ ಬರುವುದಿಲ್ಲ. ಬಾಗಿಲಲ್ಲಿ ಯಾರಿದ್ದಾರೆಂದು ಮಂಚದ ಮೇಲಿಂದಲೇ ಟಿವಿಯಲ್ಲಿ ನೋಡುವ ಏರ್ಪಾಡನ್ನು ಗಂಡ ಹೆಂಡತಿ ಸೇರಿ ಮಾಡಿ, 1966ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1969ರಲ್ಲಿ ಸಿಕ್ಕಿತು. ಬಾಗಿಲಿಗೆ ಮೇಲಿಂದ ಕೆಳಗೆ ಕಿಂಡಿಗಳ ಸಾಲು, ಹಿಂದೆ ಮೇಲೆ ಕೆಳಗೆ ಸರಿದಾಡುವ ಕ್ಯಾಮೆರಾ. ಉದ್ದದವರು ಮೇಲಿನ ಕಿಂಡಿಗೆ, ಮಕ್ಕಳು ಕೆಳಗಿನದಕ್ಕೆ.

ಆ ತಾಯಿಗೆ ಹೊಳೆದದ್ದು ನಮ್ಮ ಮೇಷ್ಟ್ರಿಗೆ ಹೊಳೆಯಲಿಲ್ಲ. ಅವರ ಬೆಲ್ಲಿಗೆ ಒಂದೇ ಕಣ್ಣು. ಅದನ್ನು ಹಾಕಿದ ಎಲೆಕ್ಟ್ರಿಷಿಯನ್ ಹುಡುಗ ತನ್ನ ಸೊಂಟದ ಎತ್ತರ ನೋಡಿಕೊಂಡು ತೂತು ಕೊರೆದ. ಹೀಗಾಗಿ ಪುಟ್ಟ ಮಕ್ಕಳು ಪಾಸ್‌ಪೋರ್ಟ್ ಫೋಟೋದಂತೆ ಮೂಡುತ್ತಾರೆ. ದೊಡ್ಡವರು ಹತ್ತಿರ ನಿಂತರೆ ಎದೆಯವರೆಗೆ ಮಾತ್ರ. ಮೇಷ್ಟ್ರು ಈಗ ಊರಿನ ಗಂಡಸರನ್ನೆಲ್ಲ ಜೇಬಿನಿಂದ ಗುರುತಿಸುತ್ತಾರೆ. ಬೀಡಿ ಕಟ್ಟು ಕಂಡರೆ ಖೇಣಿದಾರ, ಎರಡು ಪೆನ್ನು ಕಂಡರೆ ಸೊಸೈಟಿಯವರು, ಏನೂ ಇಲ್ಲದ ಜೇಬು ಕಂಡರೆ ಸಾಲ ಕೇಳಲು ಬಂದವನು. ಆ ಕೊನೆಯದಕ್ಕೆ ಬಾಗಿಲು ತೆರೆಯುವುದಿಲ್ಲ.

ರಾತ್ರಿಯ ಕಥೆ ಬೇರೆ. ಮೈಬಿಸಿ ಇರುವ ಏನೇ ಎದುರಿಗೆ ಅಲ್ಲಾಡಿದರೂ ಆ ಬೆಲ್ ಮೊಬೈಲಿಗೆ ಹೇಳುತ್ತದೆ. ಕಳ್ಳನಿಗೂ ಮೈಬಿಸಿ ಇದೆ, ಪಕ್ಕದ ಮನೆಯ ಎಮ್ಮೆಗೂ ಇದೆ. "ಮುಂಚೆ ನಾಯಿ ಬೊಗಳಿದ್ರೆ ಎಚ್ಚರಾಗ್ತಿತ್ತು, ಈಗ ನಾಯಿ ಮಗ್ಗಲು ಬದಲಾಯ್ಸಿದ್ರೂ ಎಚ್ಚರ" ಎನ್ನುತ್ತಾರೆ ಅಮ್ಮಾವ್ರು. ಏಪ್ರಿಲ್ ಮಧ್ಯಾಹ್ನ ಅಂಗಳವೂ ಮನುಷ್ಯನೂ ಒಂದೇ ಸಮ ಕಾದಿರುವಾಗ ಬಿಸಿಯಲ್ಲಿ ವ್ಯತ್ಯಾಸ ಸಿಗದೆ ಅದು ತಡವರಿಸುತ್ತದೆ. ಮೇಷ್ಟ್ರು ನಿದ್ದೆ ಹೋಗುವುದೂ ಆ ಹೊತ್ತಿಗೇ. ಇನ್ನು ಕರೆಂಟ್ ಹೋದರೆ ವೈಫೈ ಪೆಟ್ಟಿಗೆ ಕಣ್ಣು ಮುಚ್ಚುತ್ತದೆ. ಬೆಲ್ಲು ತನ್ನ ಬ್ಯಾಟರಿಯಲ್ಲಿ ಉಸಿರಾಡುತ್ತಿರುತ್ತದೆ, ನೋಡಿದ್ದನ್ನು ಹೇಳಲು ಬಾಯಿರುವುದಿಲ್ಲ. ನಮ್ಮಲ್ಲಿ ಕರೆಂಟ್ ಹೋಗುವ ಹೊತ್ತು ಕಳ್ಳನಿಗೆ ಗೊತ್ತಿರುವಷ್ಟು ಲೈನ್‌ಮನ್‌ಗೂ ಗೊತ್ತಿರಲಿಕ್ಕಿಲ್ಲ.

ಆದರೂ ಮೇಷ್ಟ್ರಿಗೆ ಅದರಿಂದ ಲಾಭವಾಗಿಲ್ಲ ಎನ್ನಲಾರೆ. ಒಳಗೆ ಕೂತು ಮೊಬೈಲಿನಲ್ಲಿ ಮಾತಾಡಿದರೆ ಹೊರಗೆ ಗೋಡೆಯಲ್ಲಿ ಕೇಳಿಸುತ್ತದೆ. ಎಲ್ಲಿಂದ ಮಾತಾಡುತ್ತಿದ್ದಾರೋ ಬಂದವರಿಗೆ ತಿಳಿಯುವುದಿಲ್ಲ. ಗಣಪತಿ ಹಬ್ಬಕ್ಕೆ ಚಂದಾ ಕೇಳಲು ಹುಡುಗರು ಬಂದಾಗ ಇದನ್ನು ಪ್ರಯೋಗಿಸಿದರು.

"ನಾನು ಶಿವಮೊಗ್ಗದಾಗಿದೀನಿ ಕಣ್ರಪ್ಪ. ಬರೋದು ನಾಲ್ಕು ದಿನ ಆಗುತ್ತೆ."

ಮಾತು ಮೊದಲು ಕಿಟಕಿಯಿಂದ ಬಂತು. ಒಂದು ಗುಟುಕು ತಡವಾಗಿ ಗೋಡೆಯಿಂದಲೂ ಬಂತು. ಹುಡುಗರು ಎರಡನ್ನೂ ಪೂರ್ತಿ ಕೇಳಿಸಿಕೊಂಡರು. ಅಷ್ಟರಲ್ಲಿ ಕುಕ್ಕರ್ ಕೂಗಿತು.

"ಮೇಷ್ಟ್ರೆ, ಶಿವಮೊಗ್ಗದಾಗೂ ನಿಮ್ಮನೆ ಕುಕ್ಕರ್ರೇ ಕೂಗ್ತೈತಲ್ಲ!"

ಆ ವರ್ಷ ಅವರು ಕೊಟ್ಟ ಚಂದಾ ಬೇರೆಯವರಿಗಿಂತ ಇನ್ನೂರು ರೂಪಾಯಿ ಜಾಸ್ತಿ.

ಇಷ್ಟೆಲ್ಲ ಆದರೂ ಬೆಲ್ ಒತ್ತುವವರು ಕಡಿಮೆ. ಕೊರಿಯರ್ ಹುಡುಗ ಒತ್ತುತ್ತಾನೆ. ಕೃಷಿ ಸಂಶೋಧನಾ ಕೇಂದ್ರಕ್ಕೆ ಬಂದು ದಾರಿ ತಪ್ಪಿದವರು "ಫಾರಂ ಎಲ್ಲಿ ಸಾರ್?" ಎಂದು ಕೇಳಲು ಒತ್ತುತ್ತಾರೆ. ಹಾಲಿನವಳೊಬ್ಬಳನ್ನು ಬಿಟ್ಟರೆ ಹೆಂಗಸರಂತೂ ಯಾರೂ ಆ ಕಡೆ ಸುಳಿಯುವುದಿಲ್ಲ. ಯಾರು ಯಾವಾಗ ಬಂದರು, ಸೆರಗಿನಲ್ಲಿ ಏನು ಮುಚ್ಚಿಕೊಂಡು ಹೋದರು ಎಂದು ಮೇಷ್ಟ್ರು ರಾತ್ರಿ ಊಟದ ಹೊತ್ತಿಗೆ ಹಿಂದಕ್ಕೆ ಓಡಿಸಿ ನೋಡುತ್ತಾರೆಂದು ಗೊತ್ತಾದ ಮೇಲೆ ಎಲ್ಲರೂ ಹಿತ್ತಲ ಬಾಗಿಲು ಹಿಡಿದಿದ್ದಾರೆ. ಹೆಪ್ಪಿಗೆ ಮಜ್ಜಿಗೆ, ಕೈಸಾಲ, ಸೊಸೆಯ ಮೇಲಿನ ದೂರು ಎಲ್ಲ ಹಿತ್ತಲಿಂದಲೇ ಓಡಾಡುತ್ತವೆ. ಬೇಯಿಸಿದ ಅಡಿಕೆ ಟಾರ್ಪಾಲಿನ ಮೇಲೆ ಒಣಗುವುದೂ ಅದೇ ಹಿತ್ತಲಿನಲ್ಲಿ. ಲಕ್ಷಗಟ್ಟಲೆ ಬಾಳುವ ಮಾಲು ಹಿಂದೆ, ಕಣ್ಣು ಮುಂದೆ. ಅಲ್ಲಿ ಕಾವಲಿಗೆ ಒಂದು ಹಗ್ಗದ ಮಂಚ, ಒಂದು ಟಾರ್ಚು, ಮತ್ತು ಅಮ್ಮಾವ್ರ ತಮ್ಮ. ಅವನ ಮೈಬಿಸಿ ಯಾವ ಮೊಬೈಲಿಗೂ ಗೊತ್ತಿಲ್ಲ.

ನಿಜ ಹೇಳಬೇಕೆಂದರೆ ಆ ಬೆಲ್ಲನ್ನು ಚೆನ್ನಾಗಿ ಬಳಸಿಕೊಂಡವರು ಅಮ್ಮಾವ್ರು. ಅವರಿಗೆ ಮಂಡಿ ನೋವು. ಹಾಲಿನವಳು ಬಂದರೆ ಈಗ ಏಳಬೇಕಿಲ್ಲ. "ಬಾಗಿಲು ದೂಡ್ಕಂಡು ಬಾರೇ" ಎಂದು ಕೂತಲ್ಲಿಂದಲೇ ಗೋಡೆಗೆ ಹೇಳಿಸುತ್ತಾರೆ. ಇನ್ನೊಂದು ಉಪಯೋಗವನ್ನು ಅದನ್ನು ಮಾಡಿದ ಕಂಪನಿಯವರೂ ಎಣಿಸಿರಲಾರರು. ಬೆಲ್ ಒತ್ತಿದರೆ ಬೆಂಗಳೂರಿನಲ್ಲಿ ಮಗನ ಮೊಬೈಲೂ ಹೊಡೆದುಕೊಳ್ಳುತ್ತದೆ. ಹದಿನೈದು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದ ಮಗ ಅವನು. ಈಗ ಅಮ್ಮಾವ್ರು ಬೆಳಿಗ್ಗೆ ಆರೂವರೆಗೆ ಅಂಗಳಕ್ಕೆ ನೀರು ಹಾಕಿ, ರಂಗೋಲಿ ಬಿಟ್ಟು, ಕೈ ಒರೆಸಿಕೊಂಡು ತಮ್ಮ ಮನೆಯ ಬೆಲ್ಲನ್ನು ತಾವೇ ಒತ್ತುತ್ತಾರೆ. ಕಣ್ಣು ಸೊಂಟದ ಎತ್ತರದಲ್ಲಿರುವುದರಿಂದ ಮುಖ ಕಾಣಲೆಂದು ನೋವಿನ ಮಂಡಿಯನ್ನೇ ಊರಿ ಬಗ್ಗುತ್ತಾರೆ.

"ಎದ್ಯೇನೋ?"

"ಎದ್ದೆ ಕಣಮ್ಮ" ಎನ್ನುತ್ತದೆ ಗೋಡೆ, ಆಕಳಿಸುತ್ತ.

ಮೊನ್ನೆ ನಾನು ಟಾರ್ಪಾಲು ಕೇಳಲು ಹೋದೆ. ಮೇಷ್ಟ್ರು ಹೊರಗಿನ ಕಟ್ಟೆಯ ಮೇಲೆ, ಬೆಲ್ಲಿನ ಪಕ್ಕದಲ್ಲೇ, ಕನ್ನಡಕ ಏರಿಸಿಕೊಂಡು ಕೂತಿದ್ದರು. ನಾನು ಎದುರಿಗೆ ನಿಂತು ನಮಸ್ಕಾರ ಅಂದೆ. ತಲೆ ಎತ್ತಲಿಲ್ಲ.

"ಬೆಲ್ ಒತ್ತಪ್ಪ, ನೋಡೋಣ."

ಅವರ ಭುಜದ ಪಕ್ಕದಿಂದ ಕೈ ಚಾಚಿ ಒತ್ತಿದೆ. ಒಳಗೆ ಟಿಂಗ್ ಅಂತು. ಮೇಷ್ಟ್ರು ಮೊಬೈಲನ್ನು ಕಣ್ಣಿಗೆ ಹತ್ತಿರ ತಂದರು, ದೂರ ಹಿಡಿದರು, ಆಕಾಶಕ್ಕೆ ಎತ್ತಿದರು. ಅದರಲ್ಲಿ ಒಂದು ಚಕ್ರ ಸುಮ್ಮನೆ ತಿರುಗುತ್ತಿತ್ತು.

"ನೆಟ್‌ವರ್ಕ್ ಇಲ್ಲ. ಸ್ವಲ್ಪ ತಡಿ, ಯಾರೋ ಬಂದಂಗೈತೆ" ಅಂದರು.

ನಾನು ನಿಂತೇ ಇದ್ದೆ. ಇನ್ನೂ ಬಂದಿರಲಿಲ್ಲ.